ವ್ಯಾಮ್ ಜೋಡಿ ಬಿದ್ದದ್ದೇ, ತಾನಾಗಿ ನಿಂತದ್ದೇ?

ಹಳೆಯ ಕ್ಯಾಸೆಟ್ಟು

ಬ್ರಿಟನ್ನಿನ ಪಾಪ್ ಗಾಯಕರ ವ್ಯಾಮ್ ಜೋಡಿಯ ಬಗ್ಗೆ ಬರೆಯುವವರೆಲ್ಲ ‘ಏಳುಬೀಳು’ ಎಂಬ ಮಾತಿನಿಂದಲೇ ಆರಂಭಿಸುತ್ತಾರೆ. ಏಳಿಗೆಯನ್ನು ಒಪ್ಪುತ್ತೇನೆ, ಆದರೆ ಬಿದ್ದದ್ದು ಯಾವಾಗ ಎಂದು ಯಾರಾದರೂ ತೋರಿಸಲಿ. ಹರ್ಟ್‌ಫರ್ಡ್‌ಶೈರಿನ ಬುಶಿ ಎಂಬ ಊರಿನ ಶಾಲೆಯಲ್ಲಿ 1975ರಲ್ಲಿ ಒಬ್ಬರನ್ನೊಬ್ಬರು ಕಂಡ ಇಬ್ಬರು ಗೆಳೆಯರು, ಜಾರ್ಜ್ ಮೈಕಲ್ ಮತ್ತು ಆ್ಯಂಡ್ರ್ಯೂ ರಿಜ್ಲಿ, 1982ರಲ್ಲಿ ಮೊದಲ ಹಾಡನ್ನು ಹೊರತಂದರು; 1986ರ ಜೂನ್ 28ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ 72,000 ಜನರ ಮುಂದೆ ಕೊನೆಯ ಬಾರಿ ಹಾಡಿ ಕೈಮುಗಿದರು. ಅದೇ ದಿನಗಳಲ್ಲಿ ಅವರ ‘ದಿ ಎಡ್ಜ್ ಆಫ್ ಹೆವನ್’ ಬ್ರಿಟನ್ನಿನ ಚಾರ್ಟಿನಲ್ಲಿ, ಅಂದರೆ ವಾರವಾರದ ಮಾರಾಟದ ಪಟ್ಟಿಯಲ್ಲಿ, ಮೊದಲ ಸ್ಥಾನಕ್ಕೇರಿತ್ತು. ಹದಿಹರೆಯದ ಉಲ್ಲಾಸವೇ ಆ ಜೋಡಿಯ ಬಂಡವಾಳವಾಗಿತ್ತು. ಇಪ್ಪತ್ತಮೂರು ತುಂಬಿದ ಮೇಲೂ ಹದಿನೆಂಟರ ವೇಷ ಹಾಕಿಕೊಂಡು ನಿಲ್ಲಲಾಗದು ಎಂಬುದನ್ನು ಅವರೇ ಅರಿತು ಮುಗಿಸಿದರು. ಇದನ್ನು ಪತನ ಎನ್ನುವುದು ಅನ್ಯಾಯ.

ನೇರನುಡಿ

‘ಇಬ್ಬರು ಗೆಳೆಯರು’ ಎಂದು ಬರೆದಿದ್ದೀರಿ. ಗೆಳೆಯರು ಇಬ್ಬರಿದ್ದರು ನಿಜ, ಆದರೆ ದುಡಿದವರು ಒಬ್ಬರೇ. ವ್ಯಾಮ್ ಹೆಸರಿನಲ್ಲಿ ಆ ದಿನಗಳಲ್ಲಿ ಬ್ರಿಟನ್ನಿನ ಮೊದಲ ಸ್ಥಾನಕ್ಕೆ ಹೋದ ಹಾಡುಗಳು ನಾಲ್ಕು. ನಾಲ್ಕಕ್ಕೂ ರಚನಕಾರರಾಗಿ ಮೈಕಲ್ ಅವರ ಹೆಸರೊಂದೇ ಇದೆ. ರಿಜ್ಲಿಯವರ ಹೆಸರು ಕಾಣಿಸುವುದು ಮೂರು ಹಾಡುಗಳಲ್ಲಿ ಮಾತ್ರ. ಆದ್ದರಿಂದ ಜೋಡಿ ಬಿತ್ತೇ, ನಿಂತಿತೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಒಬ್ಬ ಗಾಯಕ ತನ್ನ ಜೊತೆಗಾರನನ್ನು ಬಿಟ್ಟು ಮುಂದೆ ನಡೆದರು, ಅಷ್ಟೆ.

ತುಂಗಾತೀರ

‘ಮೂರು ಹಾಡುಗಳಲ್ಲಿ ಮಾತ್ರ’ ಎಂದು ಎಷ್ಟು ಸುಲಭವಾಗಿ ಬರೆದುಬಿಟ್ಟಿರಿ! ಆ ಮೂರರಲ್ಲಿ ಒಂದು ‘ಕೇರ್‌ಲೆಸ್ ವಿಸ್ಪರ್’ ಎಂಬುದನ್ನು ಬೇಕೆಂದೇ ಹೇಳಲಿಲ್ಲ. ಇನ್ನೊಂದು ‘ಕ್ಲಬ್ ಟ್ರಾಪಿಕಾನಾ’, ಮತ್ತೊಂದು ಅವರ ಮೊಟ್ಟಮೊದಲ ಹಾಡು ‘ವ್ಯಾಮ್ ರ‍್ಯಾಪ್’. ಈ ಹಾಡುಗಳ ಮೊದಲ ಮಾದರಿ ಧ್ವನಿಮುದ್ರಣ ನಡೆದದ್ದು ದೊಡ್ಡ ಸ್ಟುಡಿಯೋದಲ್ಲಲ್ಲ, ರಿಜ್ಲಿಯವರ ತಂದೆತಾಯಿಯ ಮನೆಯ ಮುಂದಿನ ಕೋಣೆಯಲ್ಲಿ, ಬಾಡಿಗೆಗೆ ತಂದ ಪುಟ್ಟ ಯಂತ್ರವೊಂದರಲ್ಲಿ. ತನ್ನ ರೂಪದ ಬಗ್ಗೆ ಅಳುಕಿದ್ದ ಸೈಪ್ರಸ್ ಮೂಲದ ಹುಡುಗನೊಬ್ಬನಿಗೆ ವೇದಿಕೆಯ ಮೇಲೆ ಹೇಗೆ ನಿಲ್ಲಬೇಕೆಂಬ ಧೈರ್ಯ ಬಂದದ್ದು ಈ ಗೆಳೆಯನಿಂದ. ‘ವೇಕ್ ಮಿ ಅಪ್ ಬಿಫೋರ್ ಯು ಗೋ-ಗೋ’ ಎಂಬ ಸಾಲು ಕೂಡ ರಿಜ್ಲಿ ಮನೆಯಲ್ಲಿ ಬರೆದಿಟ್ಟ ಚೀಟಿಯೊಂದರಲ್ಲಿ ಕೈತಪ್ಪಿ ಎರಡು ಸಲ ಬಿದ್ದ ಪದದಿಂದ ಹುಟ್ಟಿತು. ಇಷ್ಟೆಲ್ಲ ಇದ್ದೂ ‘ದುಡಿದವರು ಒಬ್ಬರೇ’ ಎಂದರೆ ನನಗೆ ನಿಜವಾಗಿಯೂ ನೋವಾಗುತ್ತದೆ.

ನೇರನುಡಿ

ಚೀಟಿ ಬರೆಯುವುದು ಬೇರೆ, ಹಾಡು ಬರೆಯುವುದು ಬೇರೆ. ಆ ಚೀಟಿಯನ್ನು ಹಾಡಾಗಿಸಿದವರು ಮೈಕಲ್, ಆದ್ದರಿಂದಲೇ ಅದರ ಮೇಲೆ ಅವರ ಹೆಸರೊಂದೇ ಇದೆ. ‘ಕೇರ್‌ಲೆಸ್ ವಿಸ್ಪರ್’ ವಿಷಯಕ್ಕೆ ಬಂದರೆ, ಹದಿನೇಳರ ವಯಸ್ಸಿನಲ್ಲಿ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವಾಗ ಆ ರಾಗ ತಮಗೆ ಹೊಳೆಯಿತೆಂದು ಮೈಕಲ್ ತಾವೇ ಹೇಳಿದ್ದಾರೆ. 1984ರಲ್ಲಿ ಬ್ರಿಟನ್ನಿನಲ್ಲಿ ಅದು ಹೊರಬಂದದ್ದು ಜಾರ್ಜ್ ಮೈಕಲ್ ಹೆಸರಿನಲ್ಲಿ, ವ್ಯಾಮ್ ಹೆಸರಿನಲ್ಲಲ್ಲ. ಇದಕ್ಕಿಂತ ಸ್ಪಷ್ಟವಾದ ಪುರಾವೆ ಇನ್ನೇನು ಬೇಕು?

ತುಂಗಾತೀರ

ಬ್ರಿಟನ್ನಿನ ಲೇಬಲ್ಲನ್ನು ಓದಿದವರು ಅಮೆರಿಕದ ಲೇಬಲ್ಲನ್ನೂ ಓದಬೇಕಿತ್ತು. ಅಲ್ಲಿ ಅದೇ ಹಾಡು ‘ವ್ಯಾಮ್, ಜೊತೆಗೆ ಜಾರ್ಜ್ ಮೈಕಲ್’ ಎಂದೇ ಬಂತು. ಆ ಹೆಸರಿನಲ್ಲೇ 1985ರ ಫೆಬ್ರುವರಿಯಲ್ಲಿ ಮೊದಲ ಸ್ಥಾನಕ್ಕೇರಿತು, ಆ ಹೆಸರಿನಲ್ಲೇ ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡಿನ ಆ ಇಡೀ ವರ್ಷದ ಪಟ್ಟಿಯ ತುದಿಯಲ್ಲಿ ನಿಂತಿತು. ಯಾವ ಲೇಬಲ್ ಹೇಗಿದ್ದರೂ ರಚನಕಾರರ ಜಾಗದಲ್ಲಿ ಎರಡೂ ದೇಶಗಳಲ್ಲಿ ಇಬ್ಬರ ಹೆಸರೂ ಇದೆ.

ಸ್ವರಸಂಚಾರಿ

‘ಬಸ್ಸಿನಲ್ಲಿ ರಾಗ ಹೊಳೆಯಿತು’ ಎಂಬ ಮಾತಿನ ಬಗ್ಗೆ ಗಿಟಾರ್ ನುಡಿಸುವವನಾಗಿ ಒಂದು ಮಾತು ಹೇಳಬೇಕು. ರಾಗ ಹೊಳೆದ ಮಾತ್ರಕ್ಕೆ ಹಾಡು ಮುಗಿದಂತಲ್ಲ. ಇಡೀ ‘ಕೇರ್‌ಲೆಸ್ ವಿಸ್ಪರ್’ ಡಿ ಮೈನರ್ ಎಂಬ ಸ್ವರಶ್ರೇಣಿಯಲ್ಲಿ ನಾಲ್ಕು ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಒಂದೇ ಸುತ್ತಿನ ಮೇಲೆ ನಿಂತಿದೆ; ಪಲ್ಲವಿಯಲ್ಲೂ ಅದೇ, ಚರಣದಲ್ಲೂ ಅದೇ, ಸ್ಯಾಕ್ಸೋಫೋನಿನ ಕೆಳಗೂ ಅದೇ. ಆ ಸುತ್ತಿನಲ್ಲಿ ಗಿಟಾರ್ ಹಿಡಿದವರ ಕೈವಾಡ ಏನೂ ಇಲ್ಲವೆಂದು ಯಾವ ಆಧಾರದ ಮೇಲೆ ಹೇಳುತ್ತೀರಿ? ಇನ್ನು ನಾವೆಲ್ಲ ಕೇಳುವ ಧ್ವನಿಮುದ್ರಣವಂತೂ ಬೇರೆಯದೇ ಕಥೆ. ಅಲಬಾಮಾದ ಮಸಲ್ ಶೋಲ್ಸ್‌ನಲ್ಲಿ ಜೆರಿ ವೆಕ್ಸ್‌ಲರ್ ಅವರಂಥ ಹೆಸರಾಂತ ನಿರ್ಮಾಪಕರು ಮಾಡಿಕೊಟ್ಟ ರೂಪವನ್ನು ಮೈಕಲ್ ಪಕ್ಕಕ್ಕಿಟ್ಟು, ಲಂಡನ್ನಿನಲ್ಲಿ ತಾವೇ ನಿರ್ಮಾಪಕರಾಗಿ ಹೊಸದಾಗಿ ಮಾಡಿದರು; ಸ್ಟೀವ್ ಗ್ರೆಗರಿಯವರ ಸ್ಯಾಕ್ಸೋಫೋನ್ ಸೇರಿದ ಮೇಲೆಯೇ ಅದಕ್ಕೆ ಈಗಿನ ಜೀವ ಬಂತು.

ನೇರನುಡಿ

‘ತಾವೇ ನಿರ್ಮಾಪಕರಾಗಿ’ ಎಂದು ನೀವೇ ಒಪ್ಪಿದಿರಿ. ನಾನು ಹೇಳುತ್ತಿರುವುದೂ ಅದನ್ನೇ.

ಲೆಕ್ಕಪತ್ರ

ಒಂದು ಹಾಡಿನ ಅರ್ಧ ಪಾಲಿನ ಬಗ್ಗೆ ಹೀಗೆ ಕಿತ್ತಾಡುವ ಹೊತ್ತಿನಲ್ಲಿ ಮೂಲ ಪ್ರಶ್ನೆ ಮರೆತೇ ಹೋಗಿದೆ. ‘ಅವರೇ ಅರಿತು ಮುಗಿಸಿದರು’ ಎಂದು ಹಳೆಯ ಕ್ಯಾಸೆಟ್ಟು ಅವರು ಬರೆದದ್ದು ಅರ್ಧ ಸತ್ಯ. ಆ ಜೋಡಿಯ ಇತಿಹಾಸವನ್ನು ಹಾಡುಗಳಿಗಿಂತ ಕರಾರುಪತ್ರಗಳೇ ಹೆಚ್ಚು ತಿರುಗಿಸಿವೆ. 1982ರಲ್ಲಿ ಇನ್ನರ್‌ವಿಷನ್ ಎಂಬ ಸಣ್ಣ ಸಂಸ್ಥೆಗೆ, ತೀರಾ ಕಡಿಮೆ ರಾಯಲ್ಟಿಗೆ, ತಿಳಿವಳಿಕೆ ಬರುವ ಮುನ್ನವೇ ಸಹಿ ಹಾಕಿಕೊಟ್ಟರು. 1983ರಲ್ಲಿ ‘ಫೆಂಟಾಸ್ಟಿಕ್’ ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದಾಗಲೂ ಅದರ ಫಲ ಅವರ ಕೈಗೆ ಬರಲಿಲ್ಲ. ನ್ಯಾಯಾಲಯದ ಮೆಟ್ಟಿಲು ಹತ್ತಿ, 1984ರಲ್ಲಿ ಬಿಡುಗಡೆ ಪಡೆದು ಎಪಿಕ್ ಎಂಬ ಧ್ವನಿಮುದ್ರಣ ಸಂಸ್ಥೆಗೆ ಹೋದ ಮೇಲೆಯೇ ದೊಡ್ಡ ಯಶಸ್ಸು ಬಂದದ್ದು.

ಕೊನೆಯೂ ಹಾಗೆಯೇ ಆಯಿತು. ಅವರ ವ್ಯವಹಾರ ನೋಡಿಕೊಳ್ಳುತ್ತಿದ್ದ ಸೈಮನ್ ನೇಪಿಯರ್-ಬೆಲ್ ಮತ್ತು ಜಾಝ್ ಸಮರ್ಸ್ 1986ರ ಆರಂಭದಲ್ಲಿ ತಮ್ಮ ಸಂಸ್ಥೆಯನ್ನು ಕ್ಯುನಿಕ್ ಎಂಬ ಕಂಪನಿಗೆ ಮಾರಲು ಹೊರಟರು. ಆ ಕಂಪನಿಗೆ ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾದ ಸನ್ ಸಿಟಿ ಮೋಜುನಗರಿಯ ಒಡೆಯರೊಂದಿಗೆ ನಂಟಿತ್ತು. ಮೈಕಲ್ ಆ ವ್ಯವಸ್ಥಾಪಕರಿಂದ ದೂರ ಸರಿದರು, ಅದರ ಬೆನ್ನಿಗೇ ಜೋಡಿ ಒಡೆಯುವ ಸುದ್ದಿ ಬಂತು. ಈ ಗಲಾಟೆಯನ್ನು ಬಿಟ್ಟು ‘ವಯಸ್ಸಾಯಿತು, ನಿಲ್ಲಿಸಿದರು’ ಎಂದರೆ ನಾನು ಒಪ್ಪಲಾರೆ.

ಹಳೆಯ ಕ್ಯಾಸೆಟ್ಟು

‘ಅದರ ಬೆನ್ನಿಗೇ’ ಎಂಬ ಒಂದು ಪದದ ಮೇಲೆ ಇಡೀ ವಾದವನ್ನು ಕಟ್ಟಿದ್ದೀರಿ. ಬೆನ್ನಿಗೆ ಬಂದದ್ದೆಲ್ಲ ಅದರಿಂದಲೇ ಹುಟ್ಟಿದ್ದಾಗಬೇಕಿಲ್ಲ. ಮೈಕಲ್ ಏಕಾಂಗಿಯಾಗಿ ಹೆಜ್ಜೆ ಇಟ್ಟದ್ದು 1984ರಲ್ಲೇ. ವರ್ಷದ ಗೀತರಚನಕಾರರೆಂದು ಐವರ್ ನೊವೆಲ್ಲೊ ಪ್ರಶಸ್ತಿ ಅವರಿಗೆ ಬಂದದ್ದು 1985ರ ಮಾರ್ಚಿನಲ್ಲಿ. ವ್ಯವಸ್ಥಾಪಕರ ಜಗಳಕ್ಕೆ ಒಂದು ವರ್ಷ ಮೊದಲೇ ದಾರಿ ಕವಲೊಡೆದಿತ್ತು. ಜಗಳದಿಂದಲೇ ಮುರಿದ ಜೋಡಿಯಾಗಿದ್ದರೆ ವೆಂಬ್ಲಿಯಲ್ಲಿ ಅಷ್ಟು ಪ್ರೀತಿಯಿಂದ ಅಪ್ಪಿಕೊಂಡು ವಿದಾಯ ಹೇಳುತ್ತಿದ್ದರೇ?

ಲೆಕ್ಕಪತ್ರ

ಇಬ್ಬರು ಗೆಳೆಯರು ಪರಸ್ಪರ ಜಗಳವಾಡಿದರೆಂದು ನಾನು ಎಲ್ಲಿಯೂ ಬರೆದಿಲ್ಲ. ದಯವಿಟ್ಟು ಮತ್ತೊಮ್ಮೆ ಓದಿ.

ನೇರನುಡಿ

ಐವರ್ ನೊವೆಲ್ಲೊ ಪ್ರಶಸ್ತಿ ಯಾರಿಗೆ ಬಂತೆಂದು ಈಗ ನೀವೇ ಹೇಳಿದಿರಿ, ವಂದನೆಗಳು. ತುಂಗಾತೀರ ಅವರು 1990ಕ್ಕೂ ಒಮ್ಮೆ ಬರಲಿ. ಆ ವರ್ಷ ರಿಜ್ಲಿ ತಮ್ಮದೇ ಆಲ್ಬಮ್ ‘ಸನ್ ಆಫ್ ಆಲ್ಬರ್ಟ್’ ತಂದರು. ಅದು ಬ್ರಿಟನ್ನಿನಲ್ಲಿ ಸೋತಿತು, ಅವರು ಇನ್ನೊಂದನ್ನು ತರಲಿಲ್ಲ. ಅದಕ್ಕೆ ಮೂರು ವರ್ಷ ಮೊದಲೇ ಮೈಕಲ್ ‘ಫೇತ್’ ಮಾಡಿ ಜಗತ್ತನ್ನೇ ಗೆದ್ದಿದ್ದರು. ‘ಕೇರ್‌ಲೆಸ್ ವಿಸ್ಪರ್’ ಬರೆಯಬಲ್ಲ ಕೈ ಮತ್ತೆ ಅಂಥದ್ದೊಂದನ್ನು ಏಕೆ ಬರೆಯಲಿಲ್ಲ? ನನ್ನ ದೃಷ್ಟಿಯಲ್ಲಿ ಆ ಅರ್ಧ ಪಾಲು ಸ್ನೇಹಕ್ಕೆ ಕೊಟ್ಟ ಉಡುಗೊರೆ.

ತುಂಗಾತೀರ

ಉಡುಗೊರೆ! ಒಬ್ಬ ಮನುಷ್ಯನ ದುಡಿಮೆಯನ್ನು ಭಿಕ್ಷೆಯ ಮಟ್ಟಕ್ಕೆ ಇಳಿಸಲು ನಿಮಗೆ ಒಂದು ಪದ ಸಾಕಾಯಿತು. ತಮ್ಮ ಕರಾರಿಗಾಗಿ ಸೋನಿಯಂಥ ಕಂಪನಿಯ ವಿರುದ್ಧ ನ್ಯಾಯಾಲಯಕ್ಕೆ ಹೋದವರು, 1994ರಲ್ಲಿ ಆ ಮೊಕದ್ದಮೆಯನ್ನು ಸೋತರೂ ತಲೆಬಾಗದವರು ಜಾರ್ಜ್ ಮೈಕಲ್. ತಮ್ಮ ಹಾಡಿನ ಒಂದೊಂದು ಕಾಸಿನ ಲೆಕ್ಕವೂ ಗೊತ್ತಿದ್ದ ಅವರು, 2016ರ ಕ್ರಿಸ್ಮಸ್ ದಿನ ತೀರಿಕೊಳ್ಳುವವರೆಗೆ ಈ ಅರ್ಧ ಪಾಲಿನ ವಿರುದ್ಧ ದಾವೆ ಹೂಡಲಿಲ್ಲ. ಅವರು ಕೇಳದ ಪಾಲನ್ನು ಅವರ ಪರವಾಗಿ ಕೇಳಲು ನೀವು ಯಾರು?

ನೇರನುಡಿ

ಕೊಟ್ಟದ್ದನ್ನು ಹಿಂದಕ್ಕೆ ಕೇಳದಿರುವುದು ಕೊಟ್ಟವರ ದೊಡ್ಡತನಕ್ಕೆ ಸಾಕ್ಷಿಯೇ ಹೊರತು ಪಡೆದವರ ಹಕ್ಕಿಗೆ ಸಾಕ್ಷಿಯಲ್ಲ. ‘ನೀವು ಯಾರು’ ಎಂಬ ಪ್ರಶ್ನೆ ಇಲ್ಲಿ ಬೇಕಿರಲಿಲ್ಲ.

ಸ್ವರಸಂಚಾರಿ

ಕಾರ್ಡ್‌ಗಳ ಬಗ್ಗೆ ನಾನು ಕೇಳಿದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಇನ್ನೊಂದು ಮಾತು: 1982ರ ಕೊನೆಯಲ್ಲಿ ‘ಯಂಗ್ ಗನ್ಸ್’ ಹಾಡು ಮೊದಲ ನಲವತ್ತರ ಹೊರಗೆ ಸಿಕ್ಕಿಕೊಂಡಿದ್ದಾಗ ‘ಟಾಪ್ ಆಫ್ ದಿ ಪಾಪ್ಸ್’ ಎಂಬ ಟಿವಿ ಕಾರ್ಯಕ್ರಮದಲ್ಲಿ ಒಂದು ಅವಕಾಶ ಸಿಕ್ಕಿತು, ಅಲ್ಲಿಂದ ಅದು ಮೂರನೆಯ ಸ್ಥಾನಕ್ಕೆ ಏರಿತು. ಆ ದಿನ ಜನ ಮನಸೋತದ್ದು ಹಾಡಿಗೆ ಮಾತ್ರವಲ್ಲ, ಹಿನ್ನೆಲೆಯ ಇಬ್ಬರು ಗಾಯಕಿಯರೂ ಸೇರಿ ನಾಲ್ವರೂ ಕೂಡಿ ಆಡಿದ ಕುಣಿತಕ್ಕೆ, ಆ ಗೆಳೆತನದ ಗೆಲುವಿಗೆ. ಅದನ್ನು ರಚನಕಾರರ ಹೆಸರಿನ ಜಾಗದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಹಳೆಯ ಕ್ಯಾಸೆಟ್ಟು

ನನ್ನ ಪ್ರಶ್ನೆಗೂ ಉತ್ತರ ಬಂದಿಲ್ಲ. 1984ರ ಡಿಸೆಂಬರಿನಲ್ಲಿ ‘ಲಾಸ್ಟ್ ಕ್ರಿಸ್ಮಸ್’ ಎರಡನೆಯ ಸ್ಥಾನದಲ್ಲಿ ನಿಂತಿತು. ಮೊದಲ ಸ್ಥಾನದಲ್ಲಿದ್ದದ್ದು ಇಥಿಯೋಪಿಯಾದ ಬರಗಾಲಕ್ಕಾಗಿ ಹಲವು ಗಾಯಕರು ಕೂಡಿ ಹಾಡಿದ ಹಾಡು, ಅದರಲ್ಲೂ ಮೈಕಲ್ ದನಿಯಿತ್ತು. ವ್ಯಾಮ್ ತಮ್ಮ ಹಾಡಿನ ರಾಯಲ್ಟಿಯನ್ನೂ ಅದೇ ಬರಗಾಲದ ಪರಿಹಾರಕ್ಕೆ ಕೊಟ್ಟರು. ಆ ಹಾಡು 2021ರ ಮೊದಲ ದಿನ ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿತು, 2023ರಲ್ಲಿ ಕ್ರಿಸ್ಮಸ್ ವಾರದಲ್ಲೇ ಆ ಸ್ಥಾನದಲ್ಲಿತ್ತು. ಮೂವತ್ತಾರು ವರ್ಷಗಳ ಮೇಲೂ ಏರುತ್ತಿರುವುದನ್ನು ‘ಬಿದ್ದ ಜೋಡಿ’ ಎಂದು ಕರೆಯುವವರು ಆ ಬೀಳು ಎಲ್ಲಿದೆಯೆಂದು ತೋರಿಸಲಿ.

ಲೆಕ್ಕಪತ್ರ

ಹಾಡು ಉಳಿದದ್ದು ಬೇರೆ, ಜೋಡಿ ಉಳಿದದ್ದು ಬೇರೆ.

ನೇರನುಡಿ

ಸ್ವರಸಂಚಾರಿ ಅವರ ಮಾತಿಗೆ ಬೆಲೆ ಕೊಟ್ಟು ಹೇಳುತ್ತೇನೆ: ‘ಕ್ಲಬ್ ಟ್ರಾಪಿಕಾನಾ’ದಲ್ಲಿ ರಿಜ್ಲಿಯವರ ಪಾಲಿದೆ ಎಂಬುದನ್ನು ಬಿಟ್ಟುಕೊಡುತ್ತೇನೆ. ‘ಕೇರ್‌ಲೆಸ್ ವಿಸ್ಪರ್’ ಅನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ತುಂಗಾತೀರ

ಬಿಟ್ಟುಕೊಡಲು ಅದು ನಿಮ್ಮ ಕೈಯಲ್ಲಿಲ್ಲ. ಆ ಹಾಡಿನ ಕೆಳಗೆ ಎರಡು ಹೆಸರುಗಳಿವೆ, ಎರಡನ್ನೂ ಬರೆಯಲು ಒಪ್ಪಿದವರು ಜಾರ್ಜ್ ಮೈಕಲ್.