ಕಪ್ಪತಗುಡ್ಡದ ಕಡೆ 2 ದಿನದ ಚಳಿಗಾಲದ ನಡಿಗಿ: ಹುಡುಗೂರು ನೀರ ಕುಡಿಯೂದಿಲ್ಲ, ಏನ ಮಾಡ್ಲಿ?

ಪ್ರಶ್ನೆ: ಗದಗ ತಾಲೂಕಿನ ಕೋಚ್

ಎಲ್ಲಾರಿಗೂ ನಮಸ್ಕಾರ್ರಿ. ನಾನು ಗದಗ ತಾಲೂಕಿನ ಒಂದು ಹಳ್ಳಿಯೊಳಗ ಹುಡುಗೂರಿಗೆ ಕಬಡ್ಡಿ, ಉದ್ದ ಓಟ ಕಲಸ್ತೀನಿ. ಸಾಲಿ ನೌಕರಿ ಅಲ್ರಿ, ಮುಂಜಾನೆ-ಸಂಜಿಮುಂದ ಊರ ಹೊರಗಿನ ಬಯಲಾಗ. 14 ರಿಂದ 17 ವರ್ಷದ 22 ಮಂದಿ ಅದಾರ, ಅದರಾಗ 9 ಹೆಣ್ಣುಮಕ್ಕಳು. ವರ್ಷಾ ಚಳಿಗಾಲದಾಗ ಒಂದು ಶನಿವಾರ-ರವಿವಾರ ಇವರನ್ನ ಕಪ್ಪತಗುಡ್ಡದ ಕಡೆ ಕರಕೊಂಡು ಹೋಗ್ತೀನಿ. ತಮ್ಮ ಚೀಲ, ತಮ್ಮ ಬುತ್ತಿ ತಾವ ಹೊತ್ತು ನಡೀಬೇಕು, ರಾತ್ರಿ ಮನಿ ಬಿಟ್ಟು ಇರಬೇಕು, ಮರುದಿನ ಮತ್ತ ಏರಬೇಕು. ಕಬಡ್ಡಿ ಆಟದ ಕಡೀ ಐದು ನಿಮಿಷಕ್ಕ ಬೇಕಾಗೂ ದಮ್ಮು ಬರೇ ಬಯಲಾಗ ರೌಂಡ್ ಹೊಡದ್ರ ಬರೂದಿಲ್ಲ ಅನ್ನೂದು ನನ್ನ ನಂಬಿಕಿ.

ಚಳಿಗಾಲನ ಯಾಕ ಅಂದ್ರ, ಬ್ಯಾಸಗಿ ಬಿಸಲಾಗ ಮಕ್ಕಳನ್ನ ನಡಸೂ ಮಾತ ಇಲ್ಲ. ಮಳಿಗಾಲದಾಗ ಎರಿಮಣ್ಣು ಬೂಟಿಗೆ ಮೆತ್ತಿ ಕಾಲು ಎತ್ತಾಕ ಬರೂದಿಲ್ಲ. ಸುಗ್ಗಿಗಿಂತ ಮೊದಲು ಸಿಗೂದು ಇವ ಎರಡು ತಿಂಗಳು.

ಹ್ವಾದ ಡಿಸೆಂಬರದಾಗ ಆದದ್ದು ಹೇಳ್ತೀನಿ. ಡಂಬಳದಾಗ ಬಸ್ ಇಳದ್ವಿ. ದೊಡ್ಡಬಸಪ್ಪನ ಗುಡಿಯ ನಕ್ಷತ್ರದಂಥ ಗ್ವಾಡಿ ಸುತ್ತ ಒಂದು ಸುತ್ತು ಹಾಕಿಸಿ, 7 ಗಂಟೆಕ್ಕ ನಡ್ಯಾಕ ಸುರು ಮಾಡಿದ್ವಿ. ಆಗಿನ್ನೂ ಹೊತ್ತು ಹುಟ್ಟಿ ಹತ್ತು ನಿಮಿಷ ಆಗಿತ್ತು. ಹುಡುಗೂರು ಕೈ ಬಗಲಾಗ ಇಟಗೊಂಡ ನಡದ್ರು. ಡಾಂಬರ್ ರಸ್ತಾ ಬಿಟ್ಟು ಬದುವಿನ ಮ್ಯಾಲ ಹೊಂಟ್ವಿ, ಎರಡೂ ಕಡೆ ಮೊಣಕಾಲುದ್ದ ಕಡ್ಲಿ. ಕಡ್ಲಿ ಗಿಡದ ಮ್ಯಾಲಿನ ಇಬ್ಬನಿ ಬರೇ ನೀರಲ್ಲ, ಹುಳಿ ಇರ್ತೈತಿ. ನಮ್ಮ ಅಜ್ಜಿ ರಾತ್ರಿ ಅದರ ಮ್ಯಾಲ ಅರಿವಿ ಹಾಸಿ, ನಸುಕಿನ್ಯಾಗ ಹಿಂಡಿ, ಆ ಹುಳಿ ಬಾಟ್ಲಿಯೊಳಗ ತುಂಬಿ ಇಡ್ತಿದ್ಳು. ಅದ ಹುಳಿನೀರು ಕ್ಯಾನ್ವಾಸ್ ಬೂಟಿನಾಗ ಇಳದು ಕಾಲುಚೀಲ ತೊಯ್ದು, 10 ಗಂಟೆ ಆಗೂದರಾಗ ನಾಕು ಮಂದಿಗೆ ಹಿಮ್ಮಡದಾಗ ಬೊಬ್ಬಿ ಎದ್ದಿದ್ವು.

ಅದು ಸಣ್ಣ ಮಾತು. ದೊಡ್ಡದು ಮಧ್ಯಾಹ್ನ ಆತು. 15 ವರ್ಷದ ಹುಡುಗ, ನಮ್ಮ ತಂಡದ ಚಲೋ ರೈಡರ್, ಬನ್ನಿ ಗಿಡದ ನೆಳ್ಳಾಗ ಕುಂತಾಂವ ಮ್ಯಾಲ ಏಳಲಿಲ್ಲ. ಮೀನಖಂಡ ಕಲ್ಲಾಗಿತ್ತು. ಕೈ ಇಟ್ರ ಚರ್ಮದ ಕೆಳಗ ಹುಳ ಹರದಾಡಿದಂಗ ಅಲಗತಿತ್ತು. ಅಂಗಿ ಮುಟ್ಟಿ ನೋಡಿದ್ರ ಪೂರಾ ಒಣಗಿತ್ತು, ಆದ್ರ ನೀಲಿ ಟೀ ಶರ್ಟಿನ ಬೆನ್ನ ಮ್ಯಾಲ, ಚೀಲದ ಪಟ್ಟಿ ಕುಂತಲ್ಲಿ, ಬೆಳ್ಳನ ಉಪ್ಪಿನ ಗೆರಿ. ಒಂದರ ಪಕ್ಕ ಒಂದು, ಮೂರು ಗೆರಿ. ಚೀಲ ಬಿಚ್ಚಿ ನೋಡಿದೆ. ಎರಡೂ ಬಾಟ್ಲಿ ತುಂಬಿದ್ದು ತುಂಬಿದಂಗ ಇದ್ವು. ಒಂದರ ಮುಚ್ಚಳದ ಸೀಲ್ ಸೈತ ಒಡದಿದ್ದಿಲ್ಲ. "ಯಾಕೋ ನೀರ ಕುಡದಿಲ್ಲ?" ಅಂದೆ. "ನೀರಡಿಕಿನ ಆಗ್ಲಿಲ್ಲ ಸರ್, ಥಂಡಿ ಇತ್ತಲ್ಲ" ಅಂದ.

ಓಆರ್‌ಎಸ್ ಕುಡಿಸಿ, ಬೈಕಿನ ಮ್ಯಾಲ ಆಸ್ಪತ್ರಿಗೆ ಒಯ್ದು, ಸಂಜಿಕ್ಕ ಚಲೋ ಆದ. ತಪ್ಪು ನಂದ ಐತಿ. ಬಿಡೂಮುಂದ ಬಾಟ್ಲಿ ತುಂಬ್ಯಾವೋ ಇಲ್ಲೋ ನೋಡಿದ್ದೆ, ಖಾಲಿ ಆಗಾಕತ್ಯಾವೋ ಇಲ್ಲೋ ನೋಡಲಿಲ್ಲ. ಅವತ್ತಿನಿಂದ ನನ್ನ ತಲ್ಯಾಗ ಕುಂತ ಮಾತು ಇಷ್ಟ: ನಮ್ಮ ಭಾಗದ ಥಂಡಿ ಹುಡುಗೂರನ್ನ ನಡುಗಿಸಿ ಬೀಳಸೂದಿಲ್ಲ, ನೀರಡಿಕಿ ಮುಚ್ಚಿಟ್ಟು ಬೀಳಸ್ತೈತಿ.

ಈ ಸಲ ಜನವರಿ ಮೊದಲನೇ ವಾರ ಹೊಂಟೀವಿ. ಮೊದಲನೇ ದಿನ 14 ಕಿಲೋಮೀಟರ್, ಎರಡನೇ ದಿನ 8. ಚೀಲದ ತೂಕ ಎಷ್ಟಿರಬೇಕು? ನೀರು ಕುಡಿಸೂದು ಹ್ಯಾಂಗ? ಗುಡ್ಡದ ಮ್ಯಾಲ ಬೆಂಕಿ ಹಾಕ್ಕೊಂಡು ಮಲಗಬೇಕು ಅಂತ ಹುಡುಗೂರ ಆಸೆ, ಅದು ಆಗ್ತೈತೇನು? ಅನುಭವ ಇದ್ದವರು ತಿಳಿಸ್ರಿ.

ಉತ್ತರ 1: ಹಾವೇರಿಯ ಮಾಜಿ ಸೈನಿಕ

ಕೋಚ್ ಸಾಹೇಬ್ರ, ನೀವು ಸೀಲ್ ಒಡಿಯದ ಬಾಟ್ಲಿ ಮಾತು ಬರದದ್ದು ಓದಿ ನನಗ ನಮ್ಮ ಟ್ರೇನಿಂಗ್ ದಿನ ನೆನಪಾದ್ವು. ನಾನು 17 ವರ್ಷ ಫೌಜಿನಾಗ ಇದ್ದೆ.

ತೂಕದ ಲೆಕ್ಕ ಮೊದಲ ಹೇಳ್ತೀನಿ. ಈ ವಯಸ್ಸಿನ ಮಕ್ಕಳಿಗೆ ತಮ್ಮ ಮೈತೂಕದ ಹತ್ತರಾಗ ಒಂದು ಪಾಲು ಸಾಕು. 42 ಕೇಜಿ ಹುಡುಗಗ 4 ಕೇಜಿ ಅಂತ ಹಿಡೀರಿ. 2 ಲೀಟರ್ ನೀರಂದ್ರ ಅಲ್ಲೇ 2 ಕೇಜಿ ಹೋತು. ಉಳದ 2 ಕೇಜಿಯೊಳಗ ರೊಟ್ಟಿ ಗಂಟು, ಒಂದು ಚಾದರ, ಒಣ ಬನಿಯನ್ನು, ಕಾಲುಚೀಲ, ಬ್ಯಾಟರಿ. ಕೌದಿ ಹೊರಸಬ್ಯಾಡ್ರಿ. ಕೌದಿ ಒಂದ 2 ಕೇಜಿ ಮ್ಯಾಲ ಬರ್ತೈತಿ, ಅವನ್ನ ಗಾಡಿಯೊಳಗ ಮುಂದ ಕಳಸ್ರಿ.

ನಡಿಗಿ 50 ನಿಮಿಷ, ನಿಲ್ಲೂದು 10 ನಿಮಿಷ. ನಿಂತಾಗ ಬೂಟು ಬಿಚ್ಚಿಸ್ರಿ. ಬೊಬ್ಬಿ ಏಳೂಕಿಂತ ಮೊದಲ ಆ ಜಾಗ ಕೆಂಪಾಗಿ ಸುಡ್ತೈತಿ, ಆವಾಗ ಪಟ್ಟಿ ಹಚ್ಚಿದ್ರ ಮುಗೀತು. ಎದ್ದಿದ್ದನ್ನ ಒಡಿಯಾಕ ಹೋಗಬ್ಯಾಡ್ರಿ. ಎಲ್ಲಾರಿಗಿಂತ ಹಗೂರ ನಡಿಯೂ ಮಗೂನ ಎಲ್ಲಾರ ಮುಂದ ಇಡ್ರಿ. ಹಿಂದ ಇಟ್ರ ಅದು ಓಡಿ ಓಡಿ ಮುಟ್ಟೂದರಾಗ ಉಳದವ್ರ 10 ನಿಮಿಷ ಮುಗದು ಮತ್ತ ಹೊಂಟಿರ್ತಾರ, ಅದಕ್ಕ ವಿಶ್ರಾಂತಿನ ಸಿಗೂದಿಲ್ಲ.

ನೀರಿಗೆ ಜೋಡಿ ಮಾಡ್ರಿ. ಇಬ್ಬಿಬ್ಬರು. ಒಬ್ಬರ ಬಾಟ್ಲಿಗೆ ಇನ್ನೊಬ್ಬರು ಜವಾಬ್ದಾರಿ. ಸೀಟಿ ಊದಿದ ಕೂಡ್ಲೆ ಇಬ್ಬರೂ ಕುಡೀಬೇಕು, ನೀರಡಿಕಿ ಇರ್ಲಿ ಬಿಡ್ಲಿ.

ರಾತ್ರಿ ಒಂದು ಸಣ್ಣ ಬೆಂಕಿ ಇದ್ರ ಚಲೋ, ಮಕ್ಕಳಿಗೆ ಧೈರ್ಯ ಬರ್ತೈತಿ.

ಉತ್ತರ 2: ಗುಡ್ಡದ ಬುಡದ ಊರಿನವ

ಮಾಜಿ ಸೈನಿಕರಿಗೆ ನಮಸ್ಕಾರ, ಬೆಂಕಿ ಮಾತು ಒಂದು ಬಿಡ್ರಿ. ಕಪ್ಪತಗುಡ್ಡ 2019 ರಾಗ ವನ್ಯಜೀವಿ ಧಾಮ ಆಗೈತಿ, ಸುಮಾರು 244 ಚದರ ಕಿಲೋಮೀಟರ್. 1972 ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಭಯಾರಣ್ಯದಾಗ ಬೆಂಕಿ ಹಚ್ಚೂದು ಅಪರಾಧ. ಕಾಯ್ದೆ ಒತ್ತಟ್ಟಿಗಿರ್ಲಿ, ಜನವರಿಯೊಳಗ ಇಲ್ಲಿಯ ಹುಲ್ಲು ಒಣಗಿ ನಿಂತಿರ್ತೈತಿ. ಗಾಳಿಯಂತ್ರ ಹಾಕ್ಯಾರ ಅಂದ ಮ್ಯಾಲ ಗಾಳಿ ಎಷ್ಟ ಅನ್ನೂದು ನೀವ ತಿಳಕೊಳ್ರಿ. ಒಂದು ಕಿಡಿ ಹಾರಿದ್ರ ಅಡವಿಯೊಳಗಿನ ಗಿಡಮೂಲಿಕಿ ಎಲ್ಲಾ ಬೂದಿ. ಬೆಂಕಿ ಆರಸಾಕ ಹಸಿ ಟೊಂಗಿ ಹಿಡಕೊಂಡು ಓಡಿದವ ನಾನು, ಕೈ ಮುಗದು ಹೇಳ್ತೀನಿ.

ಮ್ಯಾಲ ಮಲಗೂದೂ ಬ್ಯಾಡ. ಚಿರತಿ, ತ್ವಾಳ, ಕತ್ತೆಕಿರುಬ ಇರೂ ಜಾಗ ಅದು. ಅವು ತಮ್ಮ ಪಾಡಿಗೆ ತಾವು ಇರ್ತಾವ, ನಸುಕು ಮತ್ತ ಮುಚ್ಚಂಜಿ ಅವುಗಳ ಹೊತ್ತು. ಹೊತ್ತು ಹುಟ್ಟಿದ ಮ್ಯಾಲ ಏರ್ರಿ, ಮುಳುಗೂಕಿಂತ ಮೊದಲ ಇಳೀರಿ. ಅರಣ್ಯ ಇಲಾಖೆಗೆ ಮುಂಚೆನ ಅರ್ಜಿ ಕೊಟ್ಟು, ಅವರು ಹೇಳಿದ ದಾರಿ ಬಿಟ್ಟು ಹೋಗಬ್ಯಾಡ್ರಿ. ರಾತ್ರಿಗೆ ಊರಾಗಿನ ಗುಡಿ ಕಟ್ಟಿ, ಸಾಲಿ ಪಡಸಾಲಿ ಇದ್ದ ಇರ್ತಾವ, ಹಿರೇರನ್ನ ಕೇಳಿದ್ರ ಇಲ್ಲ ಅನ್ನೂದಿಲ್ಲ. ಮಕ್ಕಳಿಗೆ ಬೆಂಕಿ ಮುಂದ ಕುಂದ್ರೂ ಆಸೆ ಇದ್ರ ನಮ್ಮ ಹೊಲಕ್ಕ ಬರ್ಲಿ. ಬಿಳಿಜೋಳ ಹಾಲುಗಾಳ ಇರೂ ಹೊತ್ತು, ಕುಣಿಯೊಳಗ ಕುಳ್ಳಿನ ಕೆಂಡ ಮಾಡಿ ಸೀತನಿ ಸುಟ್ಟು ಕೊಡ್ತೀವಿ, ಜೋಡಿಗೆ ಶೇಂಗಾ ಹಿಂಡಿ, ಬೆಲ್ಲ.

ಉತ್ತರ 3: ಹುಬ್ಬಳ್ಳಿಯ ದೈಹಿಕ ಶಿಕ್ಷಕಿ

ಸರ್, ಒಂದು ಮಾತು ಯಾರೂ ಹೇಳಿಲ್ಲ, ಅದಕ್ಕೇ ಬರೀತಿದೀನಿ. ನಿಮ್ಮ 9 ಹೆಣ್ಣುಮಕ್ಕಳೂ ನೀರು ಕುಡೀದೇ ಇರ್ತಾರೆ, ಆದ್ರೆ ಕಾರಣ ಚಳಿ ಅಲ್ಲ. ಕುಡಿದ್ರೆ ಹೋಗೋದು ಎಲ್ಲಿ ಅನ್ನೋ ಭಯ. ನಾನು ಖೋಖೋ ತಂಡ ಕರ್ಕೊಂಡು ಊರೂರು ತಿರುಗಿದಾಕಿ. ಮುಂಜಾನೆ ಬಸ್ ಹತ್ತಿದ ಹುಡುಗಿ ಸಂಜೆ ಮನೆ ಮುಟ್ಟೋತನಕ ಒಂದು ಗುಟುಕು ಕುಡೀದೇ ಇದ್ದದ್ದನ್ನ ಎಷ್ಟು ಸಲ ನೋಡಿದೀನಿ. ಕೇಳಿದ್ರೆ ಅವರೂ "ನೀರಡಿಕೆ ಇಲ್ರಿ ಮಿಸ್" ಅಂತಾರೆ. ಅದನ್ನ ನಂಬಬ್ಯಾಡ್ರಿ.

ಸೀಟಿ ಊದಿ ಕುಡಿಸಿದ್ರೆ ಆಗೋದಿಲ್ಲ. ಮೊದಲು ಜಾಗ ತೋರಿಸ್ಬೇಕು. ನಿಮ್ಮ ಜೊತೆ ಇಬ್ಬರು ಹೆಂಗಸರು ಬರ್ಲೇಬೇಕು, ಒಬ್ಬರು ಸಾಲೋದಿಲ್ಲ. ಯಾರಿಗಾದ್ರೂ ಆರಾಮಿಲ್ಲ ಅಂತ ಒಬ್ಬರು ಹಿಂದೆ ಉಳಿದ್ರೆ ಉಳಿದ ಹುಡುಗಿಯರ ಜೊತೆ ಯಾರಿರ್ತಾರೆ? ಪ್ರತಿ ನಿಲುಗಡೆಯೊಳಗ ಹುಡುಗರನ್ನ ಮುಂದೆ ಕಳಿಸಿ, ಹುಡುಗಿಯರಿಗೆ ಹತ್ತು ನಿಮಿಷ ಬಿಡ್ರಿ. ಎರಡು ಹಳೆ ಸೀರೆ, ನಾಲ್ಕು ಬಡಿಗೆ ಇದ್ರೆ ಎಲ್ಲಿ ಬೇಕಾದಲ್ಲಿ ಮರೆ ಆಗ್ತದೆ. ಮುಟ್ಟಿನ ಪ್ಯಾಡು, ಹಳೆ ಪೇಪರು, ಒಂದು ಚೀಲ ಆ ಹೆಂಗಸರ ಹತ್ತಿರ ಇರ್ಲಿ, ಹುಡುಗಿ ಬಂದು ಕೇಳೋ ಹಂಗೆ ಇರಬಾರದು, ಎಲ್ಲಿದೆ ಅನ್ನೋದು ಎಲ್ಲಾರಿಗೂ ಗೊತ್ತಿರ್ಬೇಕು. ಹೊರಡೋ ಹಿಂದಿನ ವಾರ ತಾಯಂದಿರನ್ನ ಕೂಡಿಸಿ ಇದನ್ನ ಬಾಯಿಬಿಟ್ಟು ಹೇಳ್ರಿ. ನಾನು ಹೇಳಿದ ಮೊದಲ ವರ್ಷವೇ ನಮ್ಮ ಹುಡುಗಿಯರ ಬಾಟ್ಲಿ ಖಾಲಿ ಆಗಿ ವಾಪಸ್ ಬಂದ್ವು.

ಉತ್ತರ 4: ಧಾರವಾಡದ ವೈದ್ಯ

ಕೋಚ್ ಅವರು ಗಮನಿಸಿದ್ದು ಸರಿ. ತಂಪು ಹವೆಯಲ್ಲಿ ಬಾಯಾರಿಕೆಯ ಸೂಚನೆ ತಡವಾಗಿ ಬರುತ್ತದೆ. ಒಣ ಗಾಳಿಗೆ ಬೆವರು ಕಾಣಿಸುವ ಮೊದಲೇ ಆರಿಹೋಗುತ್ತದೆ, ಹುಡುಗನಿಗೂ ತಿಳಿಯುವುದಿಲ್ಲ, ನೋಡುವವರಿಗೂ ತಿಳಿಯುವುದಿಲ್ಲ. ಮಧ್ಯಾಹ್ನ ಬಿಸಿಲು 30 ಡಿಗ್ರಿ ಹತ್ತಿರ ಬರುವ ಹೊತ್ತಿಗೆ ಕೊರತೆ ಆಗಲೇ ಆಗಿರುತ್ತದೆ.

ನಡೆಯುವಾಗ 20 ನಿಮಿಷಕ್ಕೊಮ್ಮೆ ನಾಲ್ಕಾರು ಗುಟುಕು, ಅಂದಾಜು 150 ಮಿಲಿಲೀಟರ್. ಒಮ್ಮೆಲೇ ಒಂದು ಲೀಟರ್ ಬರೀ ನೀರು ಸುರಿಯಬಾರದು. ಉಪ್ಪಿಗೆ ರೊಟ್ಟಿ-ಚಟ್ನಿ, ಮಜ್ಜಿಗೆಯೇ ಸಾಕು. ಓಆರ್‌ಎಸ್ ಪೊಟ್ಟಣದ ಮೇಲೆ 1 ಲೀಟರ್ ಎಂದಿದ್ದರೆ ಪೂರ್ತಿ ಪೊಟ್ಟಣ, ಪೂರ್ತಿ 1 ಲೀಟರ್. ಅರ್ಧ ಪೊಟ್ಟಣವನ್ನು ಒಂದು ಗ್ಲಾಸಿಗೆ ಹಾಕುವುದನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ, ಅದು ತಪ್ಪು. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಮ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು, ಚಹಾ ಚಮಚದ ಅಳತೆಯಲ್ಲಿ. ಮೂತ್ರ ಗಾಢ ಹಳದಿಯಾದರೆ ನೀರು ಸಾಲುತ್ತಿಲ್ಲ ಎಂದು ಮಕ್ಕಳಿಗೇ ಕಲಿಸಿ. ಯಾರಾದರೂ ತೊದಲಿದರೆ, ವಾಂತಿ ಮಾಡಿದರೆ, ಕರೆದರೆ ಸರಿಯಾಗಿ ಉತ್ತರ ಕೊಡದಿದ್ದರೆ ನಡಿಗೆ ಅಲ್ಲಿಗೇ ನಿಲ್ಲಿಸಿ 108 ಕ್ಕೆ ಕರೆ ಮಾಡಿ.

ಸಂಜೆಯ ಮಾತು ಬೇರೆ. ಬೆವೆತ ಬನಿಯನ್ನನ್ನು ಸೂರ್ಯ ಮುಳುಗುವ ಮೊದಲೇ ಬದಲಿಸಿ, ಚಳಿ ಹತ್ತಿದ ಮೇಲೆ ಅಲ್ಲ. ಉಬ್ಬಸ ಇರುವ ಮಗುವಿನ ಪಂಪು (ಇನ್‌ಹೇಲರ್) ಮಗುವಿನ ಜೇಬಿನಲ್ಲೇ ಇರಲಿ, ಗಾಡಿಯಲ್ಲಿ ಬೇಡ.

ಕೋಚ್ ಮರಳಿ ಬರದದ್ದು

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಅಕ್ಕೋರ, ನಿಮ್ಮ ಮಾತು ಓದಿ ರಾತ್ರಿ ನಿದ್ದಿ ಹತ್ತಲಿಲ್ಲ. ಹ್ವಾದ ವರ್ಷ ಹುಡುಗನ ಬಾಟ್ಲಿ ಬಿಚ್ಚಿ ನೋಡಿದೆ, ಹೆಣ್ಣುಮಕ್ಕಳ ಬಾಟ್ಲಿ ನೋಡಲೇ ಇಲ್ಲ. ಇವತ್ತ ಮುಂಜಾನೆ ಬಯಲಾಗ ಒಬ್ಬಾಕಿನ್ನ ಕೇಳಿದೆ. ನೆಲಾ ನೋಡಕೋತ "ಎರಡೂ ದಿನ ಸೇರಿ ಒಂದು ಬಾಟ್ಲಿ ಸರ್" ಅಂದ್ಳು.

ಬೆಂಕಿ ಬಿಟ್ಟೆ. ಅರಣ್ಯ ಇಲಾಖೆಗೆ ಅರ್ಜಿ ಬರದಿಟ್ಟೀನಿ, ಸೋಮವಾರ ಕೊಡ್ತೀನಿ. ಕಡ್ಲಿ ಹೊಲದ ಬದು ಈ ಸಲ ಬ್ಯಾಡ, ಇಬ್ಬನಿ ಆರೂತನಕ ಡಾಂಬರ್ ಮ್ಯಾಲನ ನಡಿಯೂದು. ನಮ್ಮ ಮನಿಯಾಕಿ ಮತ್ತ ಊರ ಆಶಾ ಕಾರ್ಯಕರ್ತೆ ಇಬ್ಬರೂ ಬರ್ತೀನಿ ಅಂದಾರ. ಬಾಟ್ಲಿಗೆಲ್ಲಾ ಕರೇ ಪೆನ್ನಿಲೆ ನಾಕು ಗೆರಿ ಎಳದೀನಿ. ಪ್ರತಿ ನಿಲುಗಡೆಗೆ ನೀರು ಒಂದು ಗೆರಿ ಇಳದಿರಬೇಕು, ಜೋಡಿ ಹುಡುಗ ಅದನ್ನ ಜೋರಾಗಿ ಓದಿ ಹೇಳಬೇಕು. ಹ್ವಾದ ವರ್ಷ ಬನ್ನಿ ಗಿಡದ ಕೆಳಗ ಕುಂತಾಂವನ ಈ ಸಲ ಗೆರಿ ಬರಕೊಳ್ಳೂ ಲೆಕ್ಕದ ವಹಿ ತಾನ ಹಿಡಕೋತೀನಿ ಅಂದಾನ.

ಗುಡ್ಡದ ಬುಡದ ಅಣ್ಣಾರ, ಸೀತನಿಗೆ ನಾವು ಒಟ್ಟು 25 ಮಂದಿ ಆಗ್ತೀವಿ. ಜೋಳ ಅಷ್ಟು ಕೊಯ್ಯಾಕ ನಿಮಗ ಅಡ್ಡಿ ಇಲ್ಲಂದ್ರ ತಿಳಸ್ರಿ, ಬೆಲ್ಲ ಶೇಂಗಾ ನಾವ ತರ್ತೀವಿ.