ತುಮಕೂರಿನಿಂದ ದಿನವೂ ಬೆಂಗಳೂರಿಗೆ ಕಾರು: ನಿಜವಾದ ಖರ್ಚೆಷ್ಟು?

ಪ್ರಶ್ನೆ: ಆಡಿಟರ್ ಸರ್, ನಮಸ್ಕಾರ. ಸ್ವಂತ ಮನೆ ಬಟವಾಡಿಯಲ್ಲಿ, ಕೆಲಸ ರಾಜಾಜಿನಗರದಲ್ಲಿ. ಹೋಗಿಬರಲು ಸುಮಾರು 130 ಕಿ.ಮೀ. ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ. ಕೊಡುತ್ತದೆ. ಬೆಂಗಳೂರಿನಲ್ಲಿ ಮನೆ ಮಾಡಿದರೆ ಬಾಡಿಗೆಯೇ 22 ಸಾವಿರ. ಪೆಟ್ರೋಲ್ ಅದಕ್ಕಿಂತ ಕಡಿಮೆ ಎನ್ನುವುದು ನನ್ನ ವಾದ. ನಮ್ಮ ಯಜಮಾನರು ಒಪ್ಪುವುದಿಲ್ಲ. ಯಾರ ಲೆಕ್ಕ ಸರಿ?

ಉತ್ತರ: ಪೆಟ್ರೋಲಿನ ಮಟ್ಟಿಗೆ ನಿಮ್ಮದೇ ಸರಿ, ಮೇಡಂ. 22 ದಿನಕ್ಕೆ 2,860 ಕಿ.ಮೀ., ಲೀಟರಿಗೆ 103 ರೂ. ಹಿಡಿದರೆ 19,600 ರೂ. ಆಗುತ್ತದೆ. ಆದರೆ ಕಾರು ಪೆಟ್ರೋಲನ್ನು ಮಾತ್ರ ಕುಡಿಯುವುದಿಲ್ಲ, ತನ್ನನ್ನು ತಾನೂ ತಿನ್ನುತ್ತದೆ. ವರ್ಷಕ್ಕೆ 34 ಸಾವಿರ ಕಿ.ಮೀ. ಓಡಿದರೆ ಒಂದು ಜೊತೆ ಟೈರು ಒಂದೂಕಾಲು ವರ್ಷ ಬಂದರೆ ಹೆಚ್ಚು. 10 ಸಾವಿರ ಕಿ.ಮೀ.ಗೊಮ್ಮೆ ಸರ್ವಿಸ್ ಎಂದರೆ ವರ್ಷಕ್ಕೆ ಮೂರು ನಾಲ್ಕು ಬಾರಿ. ಎರಡೂ ಸೇರಿ ತಿಂಗಳಿಗೆ 4 ಸಾವಿರ ಇಟ್ಟುಕೊಳ್ಳಿ.

ವಿಮೆಯನ್ನು ನಾನು ಬೇಕೆಂದೇ ಸೇರಿಸಿಲ್ಲ. ಕಾರು ಮನೆ ಮುಂದೆ ನಿಂತಿದ್ದರೂ ಅದನ್ನು ಕಟ್ಟಲೇಬೇಕು. ವಯಸ್ಸಿನಿಂದಾಗುವ ಸವಕಳಿಯೂ ಹಾಗೆಯೇ. ಐದನೇ ವರ್ಷದ ಹೊತ್ತಿಗೆ ವಿಮಾ ಪಾಲಿಸಿಯಲ್ಲಿ ಕಾರಿನ ಘೋಷಿತ ಮೌಲ್ಯ ಹೇಗೂ ಅರ್ಧಕ್ಕೆ ಇಳಿಯುತ್ತದೆ. ಆದರೆ ಮೀಟರಿನಲ್ಲಿ 1.7 ಲಕ್ಷ ಕಿ.ಮೀ. ಕಂಡರೆ ಕೊಳ್ಳುವವನು ಅದಕ್ಕಿಂತಲೂ ಕೆಳಗೆ ಕೇಳುತ್ತಾನೆ. ಈ ನಷ್ಟ ಮಾತ್ರ ನಿಮ್ಮ ಓಡಾಟದ್ದು. ಕಿ.ಮೀ.ಗೆ ಒಂದೂವರೆ ರೂಪಾಯಿ ಎಂಬುದು ನನ್ನ ಅಂದಾಜು. ತಿಂಗಳಿಗೆ 4,300 ರೂ.

ಟೋಲ್ ಸೇರಿಸಿದರೆ ಒಟ್ಟು 29 ಸಾವಿರ ದಾಟುತ್ತದೆ. ಯಜಮಾನರೇ ಗೆದ್ದರು.

ಪ್ರಶ್ನೆ: ಟೋಲಿಗೆ ವಾರ್ಷಿಕ ಫಾಸ್ಟ್ಯಾಗ್ ಪಾಸ್ ಇದೆಯಲ್ಲ, ಶುರುವಿನಲ್ಲಿ 3,000 ರೂಪಾಯಿ ಇದ್ದದ್ದು, ಸರ್?

ಉತ್ತರ: 2025ರ ಆಗಸ್ಟ್ 15ರಿಂದ ಇದೆ, ಖಂಡಿತ ಮಾಡಿಸಿ. ಆದರೆ 'ವಾರ್ಷಿಕ' ಎಂಬ ಹೆಸರನ್ನು ನಂಬಿ ಕೂರಬೇಡಿ. ಒಂದು ವರ್ಷ ಅಥವಾ 200 ಪ್ರಯಾಣ, ಯಾವುದು ಮೊದಲೋ ಅದು. ಇಂಥ ಹೆದ್ದಾರಿಯಲ್ಲಿ ಒಂದು ಟೋಲ್ ಕೇಂದ್ರವನ್ನು ಒಮ್ಮೆ ದಾಟಿದರೆ ಒಂದು ಪ್ರಯಾಣ. ಹೋಗುವಾಗ ಎರಡು, ಬರುವಾಗ ಎರಡು ಕೇಂದ್ರ ಎಂದರೆ 50 ದಿನಕ್ಕೆ ಪಾಸ್ ಖಾಲಿ, ಮತ್ತೆ ಕೊಳ್ಳಬೇಕು. ಆಗಲೂ ಒಂದು ದಾಟುವಿಕೆಗೆ ಸುಮಾರು 15 ರೂ. ಅಷ್ಟೇ, ನಾನು ಲೆಕ್ಕಕ್ಕೆ ಹಿಡಿದದ್ದೂ ಅದನ್ನೇ.

ಪ್ರಶ್ನೆ: ಹಾಗಾದರೆ ಮನೆ ಬದಲಿಸಲೇಬೇಕೇ? ಮಕ್ಕಳ ಶಾಲೆ ಇಲ್ಲೇ ಇದೆ.

ಉತ್ತರ: ಬೇಡ. ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ, ಅಲ್ಲಿಂದ ಹಸಿರು ಮಾರ್ಗದ ಮೆಟ್ರೊ ಹಿಡಿದರೆ ಮೂರನೆಯದೇ ರಾಜಾಜಿನಗರ. ರೈಲಿಗೆ ಮೂರು ತಿಂಗಳ ಸೀಸನ್ ಪಾಸ್ ತೆಗೆದುಕೊಳ್ಳಿ, ಮೂರು ಮಾಸಿಕ ಪಾಸ್‌ಗಳಿಗಿಂತ ಅಗ್ಗ. ಕಾಯ್ದಿರಿಸಿದ ಬೋಗಿಗೆ ಮಾತ್ರ ಅದನ್ನು ಹಿಡಿದು ಹತ್ತಬೇಡಿ. ತಡವಾಗುವ ದಿನ ಕಾರು ತೆಗೆಯಿರಿ, ತೆಗೆದ ದಿನವೆಲ್ಲ 1,300 ರೂ. ಹೋಯಿತೆಂದು ಬರೆದಿಡಿ.

ಇನ್ನೊಬ್ಬರ ಪ್ರಶ್ನೆ: ಖಾಲಿ ಸೀಟುಗಳಿಗೆ ತಲಾ ಇಷ್ಟೆಂದು ಹಣ ಪಡೆದು ಜನರನ್ನು ಕರೆದೊಯ್ದರೆ?

ಉತ್ತರ: ಸಹೋದ್ಯೋಗಿಗಳು ಸರದಿಯಂತೆ ತಮ್ಮ ತಮ್ಮ ಕಾರು ತೆಗೆಯುವುದು ಒಳ್ಳೆಯದು. ಬಿಳಿ ಫಲಕದ ಕಾರಿನಲ್ಲಿ ಅಪರಿಚಿತರಿಂದ ಸೀಟಿನ ದರ ವಸೂಲಿ ಮಾಡಬೇಡಿ. ಬಾಡಿಗೆಗೆ ಓಡಿಸಿದ ವಾಹನಕ್ಕೆ ಖಾಸಗಿ ಕಾರಿನ ಪಾಲಿಸಿ ಅನ್ವಯಿಸುವುದಿಲ್ಲ. ಅಪಘಾತವಾದರೆ ರಿಪೇರಿಯ ಬಿಲ್ಲು ನಿಮ್ಮ ತಲೆಗೇ ಬರುತ್ತದೆ.