ಪದಚರ್ಚೆ: ಬ್ರೇಕ್ ‘ಕಿರುಗುಟ್ಟುತ್ತದೆ’ ಎಂದು ಬರೆಯಬಹುದೇ?

ಎಲ್ಲರಿಗೂ ನಮಸ್ಕಾರ.

ಮಂಡ್ಯ ಕಡೆ ಬಾಡಿಗೆ ಕಾರು ಓಡಿಸುವವರಿಗಾಗಿ ಬ್ರೇಕಿನ ಬಗ್ಗೆ ಒಂದು ಚಿಕ್ಕ ಕೈಪಿಡಿ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಮೊದಲ ಪುಟವೇ ಸದ್ದಿನದು. ಬ್ರೇಕ್ ಒತ್ತಿದಾಗ ಕಿವಿಗೆ ಚುಚ್ಚುವಂತೆ ಬರುತ್ತದಲ್ಲ, ಆ ಸದ್ದಿಗೆ ನನ್ನ ಕೈಗೆ ಬಂದಿರುವ ಕರಡಿನಲ್ಲಿ ‘ಕಿರುಗುಟ್ಟುವುದು’ ಎಂದಿದೆ. ಕನ್ನಡವಾಗಿ ತಪ್ಪೇನಿಲ್ಲ. ಆದರೂ ನನಗೆ ಅದು ಒಗ್ಗುತ್ತಿಲ್ಲ. ಕಾರಣ ಹೇಳುತ್ತೇನೆ, ಬಲ್ಲವರು ತಿದ್ದಿ.

ನಮ್ಮಲ್ಲಿ ಕಿರುಗುಟ್ಟುವುದು ಏನೇನು? ಬಾಗಿಲು, ತೊಟ್ಟಿಲು, ಬಾವಿಯ ರಾಟೆ, ಎತ್ತಿನ ಗಾಡಿಯ ಚಕ್ರ. ಇಷ್ಟಕ್ಕೂ ಮದ್ದು ಒಂದೇ, ಎಣ್ಣೆ. ಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದ ಕಾಲದಿಂದಲೂ, ಕಿರುಗುಟ್ಟಿತು ಅಂದರೆ ಒಣಗಿದೆ, ಎಣ್ಣೆ ಕೇಳುತ್ತಿದೆ ಎಂದೇ ಲೆಕ್ಕ. ಆ ಲೆಕ್ಕ ಪದದೊಳಗೇ ಕೂತುಬಿಟ್ಟಿದೆ. ಬ್ರೇಕಿಗೂ ಅದೇ ಪದ ಹಾಕಿದರೆ ಓದಿದವರ ಕೈ ತಾನಾಗಿ ಎಣ್ಣೆ ಡಬ್ಬಿಯ ಕಡೆ ಹೋಗುತ್ತದೆ. ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ, ಅಂದರೆ ಡಿಸ್ಕಿನ ಮೇಲೆ ಎಣ್ಣೆ ಬಿಟ್ಟರೆ ಸದ್ದೇನೋ ನಿಲ್ಲಬಹುದು, ಕಾರು ನಿಲ್ಲುವುದಿಲ್ಲ. ಆ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡು ಎಣ್ಣೆ ಕುಡಿದರೆ ಅದನ್ನು ಒರೆಸಿ ಮತ್ತೆ ಬಳಸುವ ಹಾಗೂ ಇಲ್ಲ, ಬದಲಾಯಿಸಲೇಬೇಕು. ಬ್ರೇಕ್ ಅನ್ನುವುದು ಒಣಗಿರಲೇಬೇಕಾದ ಯಂತ್ರ. ಅಲ್ಲಿ ಬರುವ ಸದ್ದು ಒಣಗಿದ್ದರಿಂದ ಬಂದದ್ದಲ್ಲ, ನಡುಗಿದ್ದರಿಂದ ಬಂದದ್ದು. ತಿರುಗುವ ಡಿಸ್ಕನ್ನು ಪ್ಯಾಡು ಒಂದೇ ಸಮನೆ ಒತ್ತದೆ, ಹಿಡಿದು ಬಿಟ್ಟು ಹಿಡಿದು ಬಿಟ್ಟು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಅದುರಿದಾಗ ಡಿಸ್ಕೂ ಜೊತೆಗೆ ಅದುರುತ್ತದೆ. ನಮಗೆ ಕೇಳುವುದು ಆ ಅದುರುವಿಕೆ.

ಬನ್ನಿಮಂಟಪದ ಕಡೆ ನಾನು ಕಾರು ಬಿಡುವ ಗ್ಯಾರೇಜಿನ ಮೆಕ್ಯಾನಿಕ್ ಮಳವಳ್ಳಿ ಸೀಮೆಯವರು. ಈ ಸದ್ದಿಗೆ ನೀವು ಏನಂತೀರಿ ಎಂದು ಅವರನ್ನೇ ಕೇಳಿದೆ.

“ನಾವೇನಂದೇವು ಸಾ, ಕೀಂ ಅಂತದೆ ಅಂತೀವಿ. ಗಿರಾಕಿಗಳು ಬಂದು ಬರೀ ಸವುಂಡ್ ಬತ್ತದೆ ಅಂತಾರೆ. ಯಾವ ಸವುಂಡು, ಬಾಯಲ್ಲಿ ಮಾಡಿ ತೋರ್ಸಿ ಅಂತೀನಿ. ಮಾಡಿದ್ರೆ ಅರ್ಧ ರಿಪೇರಿ ಆದಂಗೆ.”

ಅವರು ಹೇಳುವ ತನಕ ಇರಲಿ, ನಾನು ಅಲ್ಲಿ ಕೂತಿದ್ದಾಗಲೇ ಒಬ್ಬ ಹಿರಿಯರು ಸ್ಕೂಟರ್ ಸ್ಟ್ಯಾಂಡಿನ ಪಕ್ಕ ನಿಂತು, ಕತ್ತು ಮುಂದೆ ಚಾಚಿ, “ಕರ್‌ರ್‌ರ್” ಎಂದು ತಮ್ಮ ಕಾರಿನ ದನಿ ತೆಗೆದರು. ಮೆಕ್ಯಾನಿಕ್ ಕಾರಿನ ಹತ್ತಿರ ಕೂಡ ಹೋಗಲಿಲ್ಲ. “ಪ್ಯಾಡು ಪೂರ್ತಿ ಹೋಗದೆ, ಡಿಸ್ಕನ್ನ ತಿಂತಾ ಅದೆ. ಇನ್ನು ಓಡಿಸಬ್ಯಾಡಿ, ಇಲ್ಲೇ ಬುಡಿ” ಎಂದರು. ಚಕ್ರ ಬಿಚ್ಚಿದರೆ ಹಾಗೇ ಇತ್ತು: ಒಳಬದಿಯ ಪ್ಯಾಡಿನಲ್ಲಿ ಉಜ್ಜುವ ಪದಾರ್ಥವೇ ಉಳಿದಿಲ್ಲ, ಹಿಂದಿನ ಉಕ್ಕಿನ ತಗಡೇ ಡಿಸ್ಕಿಗೆ ಉಜ್ಜಿ, ಬೆರಳು ಆಡಿಸಿದರೆ ಸಿಗುವಷ್ಟು ಆಳದ ಗೀರು.

ಅಂದರೆ ಇಲ್ಲಿ ಅನುಕರಣಾವ್ಯಯವೇ, ಸದ್ದನ್ನು ಅನುಕರಿಸುವ ಪದವೇ, ರೋಗಪತ್ತೆ. ಕೀಂ ಬೇರೆ, ಕರ್‌ರ್ ಬೇರೆ. ಎರಡನ್ನೂ ‘ಕಿರುಗುಟ್ಟು’ ಅಥವಾ ‘ಶಬ್ದ ಮಾಡು’ ಎಂದು ಒಂದೇ ಚೀಲಕ್ಕೆ ತುಂಬಿದರೆ, ಈ ವಾರದೊಳಗೆ ತೋರಿಸಿದರೆ ಸಾಕು ಅನ್ನುವುದಕ್ಕೂ ಈಗಲೇ ನಿಲ್ಲಿಸಿ ಅನ್ನುವುದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಅದೇ ಕರಡಿನಲ್ಲಿ ಈ ಎರಡನೆಯ ಸದ್ದಿಗೆ ‘ರುಬ್ಬುವ ಶಬ್ದ’ ಎಂದು ಬೇರೆ ಇದೆ! ಓದಿದರೆ ದೋಸೆ ಹಿಟ್ಟು ನೆನಪಾಗುತ್ತದೆಯೇ ಹೊರತು ಡಿಸ್ಕಲ್ಲ. ಅದನ್ನು ‘ಗರಗರ ಉಜ್ಜುವ ಸದ್ದು’ ಎಂದು ಈಗಾಗಲೇ ತಿದ್ದಿದ್ದೇನೆ, ಅದರ ಬಗ್ಗೆ ತಕರಾರಿಲ್ಲ.

ತಕರಾರು ಕೀಂ ಬಗ್ಗೆಯೇ. ‘-ಗುಟ್ಟು’ ಹತ್ತಿಸುವ ಪದಗಳನ್ನು ಒಮ್ಮೆ ಬಾಯಲ್ಲಿ ಹೇಳಿ ನೋಡಿ: ಪಿಸುಗುಟ್ಟು, ವಟಗುಟ್ಟು, ಲೊಚಗುಟ್ಟು, ಗೊಣಗುಟ್ಟು, ಗುರುಗುಟ್ಟು. ಎಲ್ಲವೂ ತುಂಡು ತುಂಡಾಗಿ, ಮತ್ತೆ ಮತ್ತೆ ಬರುವ ಸದ್ದುಗಳು. ಹೆಚ್ಚಿನವು ಪಿಸಪಿಸ, ವಟವಟ ಎಂದು ಜೋಡಿಯಾಗಿಯೂ ನಿಲ್ಲುತ್ತವೆ. ಎಳೆದ ಹಾಗೆ ಒಂದೇ ಸಮನೆ ಬರುವ ಸದ್ದಿಗೆ ನಾವು ‘ಎನ್ನು’ ಹಚ್ಚುತ್ತೇವೆ, ಕಿವಿ ಗುಂಯ್ ಎನ್ನುತ್ತದೆ, ಗಾಳಿ ಸುಂಯ್ ಎನ್ನುತ್ತದೆ. ಬ್ರೇಕಿನದು ಈ ಎರಡನೆಯ ಜಾತಿ. ಹಾಗಾಗಿ ‘ಕೀಂ ಎನ್ನುವ ಸದ್ದು’ ಎಂದೇ ಅಚ್ಚು ಹಾಕಿಸೋಣ ಎಂಬ ಕಡೆಗೆ ನನ್ನ ಮನಸ್ಸು ವಾಲಿದೆ. ‘ಚೀರು’, ‘ಕಿರುಚು’ ಬೇಡ; ಅವನ್ನು ಪತ್ರಿಕೆಯವರು ಗಕ್ಕನೆ ನಿಲ್ಲಿಸಿದಾಗ ಟೈರು ರಸ್ತೆಗೆ ಉಜ್ಜುವ ಸದ್ದಿಗೆ ಬಳಸಿ ಬಳಸಿ ಅದಕ್ಕೇ ಮೀಸಲಾಗಿವೆ. ‘ಕೀರಲು ದನಿ’ ಪರವಾಗಿಲ್ಲ, ಆದರೆ ಅದು ಮನುಷ್ಯರ ಗಂಟಲಿನದು. ಕೈಪಿಡಿಯಲ್ಲಿ ಕೀಂ ಗೀಂ ಬರೆದರೆ ಮಕ್ಕಳ ಪುಸ್ತಕದ ಹಾಗಾಗುತ್ತದೆ ಎಂದು ಒಬ್ಬರು ಈಗಾಗಲೇ ಮೂಗು ಮುರಿದಿದ್ದಾರೆ. ಆಗಲಿ ಬಿಡಿ, ಗ್ಯಾರೇಜಿನಲ್ಲಿ ಅರ್ಥವಾದರೆ ಸಾಕು.

ಪದ ಒಂದಾದರೂ ಕೀಂ ಬರುವ ಕಾರಣಗಳು ಬೇರೆ ಬೇರೆ, ಅದನ್ನೂ ಬರೆಯಬೇಕಾಗಿದೆ. ರಾತ್ರಿ ಮಳೆ ಬಂದು ಬೆಳಿಗ್ಗೆ ಮೊದಲ ನಾಲ್ಕಾರು ಬ್ರೇಕಿಗೆ ಮಾತ್ರ ಬಂದು ನಿಂತರೆ, ಬೀಡು ಕಬ್ಬಿಣದ ಡಿಸ್ಕಿನ ಮೇಲೆ ಕೂತ ತೆಳು ತುಕ್ಕು ಅಷ್ಟೆ, ಉಜ್ಜಿ ಹೋಗುತ್ತದೆ. ದಿನವಿಡೀ ಬರುತ್ತಿದ್ದರೆ ಪ್ಯಾಡು ನೋಡಬೇಕು. ಹಲವು ಪ್ಯಾಡುಗಳಿಗೆ ಒಂದು ಪುಟ್ಟ ಉಕ್ಕಿನ ನಾಲಿಗೆ ಜೋಡಿಸಿರುತ್ತಾರೆ. ಪ್ಯಾಡು ಸವೆದು ಸುಮಾರು 3 ಮಿ.ಮೀ.ಗೆ ಇಳಿದಾಗ ಆ ನಾಲಿಗೆ ಡಿಸ್ಕಿಗೆ ತಾಗಿ ಕೀಂ ಎನ್ನಲಿ ಎಂದೇ ಅದನ್ನು ಇಟ್ಟಿರುವುದು. ಬ್ರೇಕ್ ಒತ್ತದೆ ಸುಮ್ಮನೆ ಹೋಗುವಾಗಲೂ ಇದು ಕೇಳಬಹುದು, ಒತ್ತಿದಾಗ ನಿಂತೂ ಹೋಗಬಹುದು. ಇದು ಕೆಟ್ಟಿದ್ದಲ್ಲ, ಹೇಳಿ ಕಳಿಸಿದ್ದು. ಹೆದ್ದಾರಿಯಲ್ಲಿ ಗಾಜು ಏರಿಸಿಕೊಂಡು ಹೋಗುವವರಿಗೆ ಕೇಳುವುದೇ ಇಲ್ಲ. ಶ್ರೀರಂಗಪಟ್ಟಣದ ಕೋಟೆಗೋಡೆಯಂಥ ಯಾವುದಾದರೂ ಗೋಡೆಯ ಪಕ್ಕ ಗಾಜು ಇಳಿಸಿ ನಿಧಾನ ಹೋದರೆ ಸದ್ದು ಗೋಡೆಗೆ ಬಡಿದು ವಾಪಸ್ಸು ಬರುತ್ತದೆ, ಎಡವೋ ಬಲವೋ ಅನ್ನುವುದೂ ಗೊತ್ತಾಗುತ್ತದೆ.

ಇನ್ನೊಂದು ಕಾರಣಕ್ಕೆ ಪದ ಹುಡುಕುತ್ತಿದ್ದೆ, ಸಿಕ್ಕಿದೆ ಅನ್ನಿಸುತ್ತದೆ. ಚಾಮುಂಡಿಬೆಟ್ಟದಿಂದ ಇಳಿಯುವಾಗ ಗೇರಿನಲ್ಲಿ ತಡೆಯದೆ ಉದ್ದಕ್ಕೂ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಬಂದರೆ ಪ್ಯಾಡು ಕಾದು, ಅದರೊಳಗಿನ ಅಂಟು ಬೆಂದು, ಮೇಲ್ಮೈ ಗಟ್ಟಿಯಾಗಿ ಗಾಜಿನಂತೆ ಮಿನುಗುತ್ತದೆ. ಗ್ಯಾರೇಜಿನವರು ‘ಪಾಲಿಶ್ ಬಂದದೆ’ ಅನ್ನುತ್ತಾರೆ. ಪಾಲಿಶ್ ಅಂದರೆ ಒಳ್ಳೆಯದು ಅನ್ನಿಸುವ ಅಪಾಯವಿದೆ. ‘ಜಡ್ಡುಗಟ್ಟಿದೆ’ ಅಂದರೆ? ಗುದ್ದಲಿ ಹಿಡಿದ ಅಂಗೈಯ ಹಾಗೆ, ಒತ್ತಡಕ್ಕೂ ಬಿಸಿಗೂ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿದ್ದು. ನನಗಂತೂ ಇದಕ್ಕಿಂತ ಸರಿಯಾದದ್ದು ತೋಚುತ್ತಿಲ್ಲ. ತೆಳುವಾಗಿ ಜಡ್ಡುಗಟ್ಟಿದ್ದರೆ ಉಪ್ಪುಕಾಗದದಲ್ಲಿ ಉಜ್ಜಿದರೆ ಆಗುತ್ತದೆ, ಬಿರುಕು ಬಿಟ್ಟಿದ್ದರೆ ಹೊಸದೇ ಹಾಕಬೇಕು. ಉಜ್ಜಿದ ಪುಡಿಯನ್ನು ಬಾಯಲ್ಲೋ ಗಾಳಿ ಪೈಪಲ್ಲೋ ಊದಬಾರದು, ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಗ್ರೀಸ್ ವಿಚಾರ ಎಲ್ಲಕ್ಕಿಂತ ನಾಜೂಕು, ಏಕೆಂದರೆ ಎಣ್ಣೆ ಬೇಡ ಎಂದು ಬರೆದ ಪುಟದಲ್ಲೇ ಗ್ರೀಸ್ ಹಚ್ಚಿ ಎಂದೂ ಬರೆಯಬೇಕು. ಪ್ಯಾಡಿನ ಮುಖಕ್ಕೆ ಎಂದಿಗೂ ಇಲ್ಲ. ಬೆನ್ನಿಗೆ, ಪ್ಯಾಡನ್ನು ತಳ್ಳುವ ಪಿಸ್ಟನ್ ತಾಗುವ ಜಾಗದಲ್ಲಿ, ಮತ್ತೆ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಹಿಂದೆ ಮುಂದೆ ಜರುಗುವ ಪಿನ್ನುಗಳಿಗೆ, ಬ್ರೇಕಿಗೆಂದೇ ಬರುವ ಬಿಸಿ ತಡೆಯುವ ಗ್ರೀಸನ್ನು ಸವರಿದಷ್ಟು ಮಾತ್ರ. ‘ಮುಖ’, ‘ಬೆನ್ನು’ ಎಂಬ ಎರಡೇ ಪದ ಇಲ್ಲಿ ಸಾಕಾಗುತ್ತವೆ. ‘ಘರ್ಷಣಾ ಮೇಲ್ಮೈ’ ಎಂದು ಬರೆದಿದ್ದನ್ನು ಹೊಡೆದುಹಾಕಿದ್ದೇನೆ.

ಆ ಪಿನ್ನು ತುಕ್ಕು ಹಿಡಿದರೆ ಆಗುವ ತೊಂದರೆಗೆ ನಮ್ಮ ಭಾಷೆಯಲ್ಲಿ ಚಂದದ ಏರ್ಪಾಡಿದೆ. ‘ಬ್ರೇಕ್ ಹಿಡೀತದೆ’ ಅಂದರೆ ಚೆನ್ನಾಗಿದೆ. ‘ಬ್ರೇಕ್ ಹಿಡ್ಕಂಡದೆ’ ಅಂದರೆ ಕೆಟ್ಟಿದೆ: ಕಾಲು ತೆಗೆದರೂ ಬಿಡುತ್ತಿಲ್ಲ, ಆ ಚಕ್ರ ಮಾತ್ರ ಬಿಸಿಯಾಗುತ್ತದೆ, ಒಂದು ಪ್ಯಾಡು ಸವೆದು ಇನ್ನೊಂದು ಹೊಸದರಂತೆ ಉಳಿದಿರುತ್ತದೆ. ಒಂದು ‘ಕೊಳ್ಳು’ ಸೇರಿದ್ದಕ್ಕೆ ಇಷ್ಟು ವ್ಯತ್ಯಾಸ. ಕರಡು ತಿದ್ದುವವರು ಗ್ರಂಥಸ್ಥ ಮಾಡುವ ಉತ್ಸಾಹದಲ್ಲಿ ‘ಹಿಡಿದಿದೆ’ ಎಂದು ಮಾಡಿಬಿಟ್ಟರೆ ಅರ್ಥವೇ ತಿರುಗುಮುರುಗು. ‘ಹಿಡಿದುಕೊಂಡಿದೆ’ ಎಂದೇ ಇರಲಿ.

ಈಗ ನನ್ನ ಕೇಳಿಕೆ. ನಿಮ್ಮ ಊರಿನಲ್ಲಿ, ಅದರಲ್ಲೂ ನಾಗಮಂಗಲ, ಕೆ.ಆರ್. ಪೇಟೆ, ಹುಣಸೂರು ಕಡೆಯವರು, ಈ ಸದ್ದಿಗೆ ಕೀಂ ಅನ್ನುತ್ತೀರೋ ಕೀಚ್ ಅನ್ನುತ್ತೀರೋ ಬೇರೆ ಏನಾದರೂ ಇದೆಯೋ? ಮತ್ತೆ ಪ್ಯಾಡಿನ ಬೆನ್ನಿಗೆ ಕೂರಿಸುವ ರಬ್ಬರು ಲೇಪದ ತೆಳು ತಗಡು ಇದೆಯಲ್ಲ, ಶಿಮ್. ಅದುರುವುದನ್ನು ನುಂಗುವುದು ಅದೇ. ಹೊಸ ಪ್ಯಾಡು ಹಾಕಿದ ಮೇಲೂ ಕೀಂ ನಿಲ್ಲದಿದ್ದರೆ ಎಷ್ಟೋ ಸಲ ಇದನ್ನು ಹಾಕದೆ ಬಿಟ್ಟಿರುತ್ತಾರೆ. ಇದಕ್ಕೆ ನಮ್ಮ ಗ್ಯಾರೇಜಿನಲ್ಲಿ ಹೆಸರೇ ಇಲ್ಲ, ‘ಆ ತಗಡು’ ಅನ್ನುತ್ತಾರೆ. ಮರಗೆಲಸದಲ್ಲೋ ಕಮ್ಮಾರಿಕೆಯಲ್ಲೋ ಸಂದಿಗೆ ಕೂರಿಸುವ ತೆಳು ತುಂಡಿಗೆ ಪದವಿದ್ದರೆ ತಿಳಿಸಿ.